ಹರದೇಶಿ ನಾಗೇಶಿಗೆ ಒಂದೇ ಗಾಡಿ

ಚಿಕ್ಕೋಡಿಯ ಮುರಗೆಪ್ಪನ ಮೇಲೆ ನನಗೆ ಇಪ್ಪತ್ತೆರಡು ವರ್ಷಗಳ ಸಿಟ್ಟಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಅವನ ಜೊತೆ ಒಂದೇ ಗಾಡಿಯಲ್ಲಿ ಕೂತು ಹೋಗುವ ಮಾತು ಬರುತ್ತದೆ. ಅದನ್ನು ಓದಿ ನಮ್ಮಿಬ್ಬರ ಜಗಳ ಮುಗಿಯಿತೆಂದು ಯಾರೂ ತಿಳಿಯಬಾರದು. ಮುಗಿದಿಲ್ಲ. ಮುಗಿಯುವುದು ನನಗೆ ಬೇಕಾಗಿಯೂ ಇಲ್ಲ.

ನಾನು ಅಕ್ಕೋಳದ ಅನಸೂಯಾ, ಗೀಗೀ ಪದ ಹಾಡುವವಳು. ನಮ್ಮ ಹಾಡಿಕೆಗೆ ಯಾವಾಗಲೂ ಎರಡು ಮೇಳ ಬೇಕು. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಒಬ್ಬರು ಪದದಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಮುರಗೆಪ್ಪ ಹರದೇಶಿ, ನಾನು ನಾಗೇಶಿ. ನಿಪ್ಪಾಣಿಯಿಂದ ಅಥಣಿಯವರೆಗೆ ಯಾವ ಊರಿನವರು ಅವನನ್ನು ಕರೆದರೂ ನನ್ನನ್ನೂ ಕರೆಯುತ್ತಾರೆ, ಯಾಕೆಂದರೆ ಅವನಿಗೆ ಸರಿಯಾಗಿ ಬೈಯುವವಳು ನಾನೊಬ್ಬಳೇ. ವೇದಿಕೆಯ ಮೇಲೆ ಇಬ್ಬರಿಗೂ ಏಕವಚನ. ಕೆಳಗಿಳಿದರೆ ಅವನು ಅರವತ್ತು ದಾಟಿದ ಹಿರಿಯ, ನಾನು ‘ಅಣ್ಣಾರ’ ಎನ್ನುತ್ತೇನೆ. ಬರೆಯುವಾಗ ವೇದಿಕೆಯ ಅಭ್ಯಾಸವೇ ಬರುತ್ತಿದೆ, ಇರಲಿ.

ಎರಡು ಮೇಳಗಳು ಊರಿಗೆ ಬರುವುದಕ್ಕೂ ಒಂದು ಪದ್ಧತಿಯಿದೆ. ಒಂದೇ ದಾರಿಯಲ್ಲಿ ಬರಬಾರದು. ಹರದೇಶಿ ಮೂಡಲಿಂದ ಬಂದರೆ ನಾಗೇಶಿ ಪಡುವಲಿಂದ. ಹಾಡಿಕೆ ಮುಗಿಯುವವರೆಗೆ ಒಂದೇ ಮನೆಯಲ್ಲಿ ಉಣ್ಣಬಾರದು, ಒಬ್ಬರ ತಂಬಿಗೆಯ ನೀರನ್ನು ಇನ್ನೊಬ್ಬರು ಕುಡಿಯಬಾರದು. ಕುಡಿದರೆ, ಒಳಗೊಳಗೇ ಮಾತಾಡಿಕೊಂಡು ಬಂದಿದ್ದಾರೆ, ಸೋಲು ಗೆಲುವು ಮೊದಲೇ ಗೊತ್ತುಮಾಡಿದ್ದಾರೆ ಎಂದು ಜನ ಅನ್ನುತ್ತಾರೆ. ನಮ್ಮವ್ವ ಅಕ್ಕುತಾಯಿ ಹಾಡುವ ಕಾಲಕ್ಕೆ ಇದರಿಂದ ಯಾರಿಗೂ ಹಾನಿಯಿರಲಿಲ್ಲ. ಎರಡೂ ಮೇಳದವರು ನಡೆದುಕೊಂಡೋ ಚಕ್ಕಡಿಯಲ್ಲೋ ಬರುತ್ತಿದ್ದರು. ಆಮೇಲೆ ಚಕ್ಕಡಿ ಹೋಗಿ ಕ್ರೂಸರ್ ಬಂತು, ಬರಿಗಂಟಲು ಹೋಗಿ ಮೈಕ್ ಬಂತು. ಎದುರಿನವರ ಮೈಕಿನಲ್ಲಿ ಹಾಡಿದರೆ ನಮ್ಮ ದನಿ ಇಳಿಸಿಬಿಡುತ್ತಾರೆಂಬ ಸಂಶಯಕ್ಕೆ ಇಬ್ಬರೂ ಬೇರೆ ಬೇರೆ ಮೈಕ್ ಸೆಟ್ ಇಟ್ಟುಕೊಂಡೆವು. ಕರೆಂಟು ಕೈಕೊಡುತ್ತದೆಂದು ಬೇರೆ ಬೇರೆ ಜನರೇಟರ್ ಇಟ್ಟುಕೊಂಡೆವು.

ಪದ್ಧತಿ ಮಾತ್ರ ಹಾಗೆಯೇ ಉಳಿಯಿತು. ನಾನು ಅಕ್ಕೋಳದಿಂದ ಹೊರಟು ಚಿಕ್ಕೋಡಿ ದಾಟುವಾಗ ಮುರಗೆಪ್ಪನ ಗಾಡಿ ನನ್ನ ಹಿಂದೆಯೇ ಹೊರಡುತ್ತಿತ್ತು. ದಾರಿಯುದ್ದಕ್ಕೂ ಒಬ್ಬರ ಹೊಗೆ ಒಬ್ಬರು ನುಂಗುತ್ತ ಹೋಗುತ್ತಿದ್ದೆವು. ಊರು ಹತ್ತಿರ ಬಂತೆನ್ನುವಾಗ ಒಂದು ಗಾಡಿ ಎಡಕ್ಕೆ ತಿರುಗಿ, ಎಂಟು ಕಿಲೋಮೀಟರು ಸುತ್ತು ಹಾಕಿ, ಇನ್ನೊಂದು ಬದಿಯಿಂದ ಒಳಗೆ ಬರುತ್ತಿತ್ತು. ನಾಲ್ಕು ಮಂದಿಯ ಮೇಳಕ್ಕೆ ಹದಿಮೂರು ಮಂದಿ ಹಿಡಿಸುವ ಗಾಡಿ. ಇದನ್ನು ನಾವು ಮರ್ಯಾದೆ ಎಂದು ಕರೆಯುತ್ತಿದ್ದೆವು.

ಹೋದ ಡಿಸೆಂಬರಿನಲ್ಲಿ ರಾಯಬಾಗದ ಕಡೆ ಒಂದು ಊರಲ್ಲಿ ಹಾಡಿಕೆಯಿತ್ತು. ನಾನು ಭೂಮಿಯ ಪದ ಎತ್ತಿದ್ದೆ. ಭೂಮಿ ಹೆಣ್ಣು, ಹೊರುವವಳು, ಹಡೆಯುವವಳು, ಆದ್ದರಿಂದ ಹೆಣ್ಣೇ ಹೆಚ್ಚು. ಅವ್ವ ಕಲಿಸಿದ ವಾದ ಇದು, ಅಲ್ಲಿಯವರೆಗೆ ಯಾರೂ ಮುರಿದಿರಲಿಲ್ಲ. ನನ್ನ ಹಿಂದೆ ಹಿಮ್ಮೇಳದ ತಾರವ್ವ ಒಂಟಿ ತಂತಿಯ ತುಂತುಣಿ ಮೀಟುತ್ತಿದ್ದಳು. ಗಾಳಿ ತಿರುಗಿ, ವೇದಿಕೆಯ ಹಿಂದಿದ್ದ ಎರಡೂ ಜನರೇಟರುಗಳ ಹೊಗೆ ನಮ್ಮ ಮೇಲೆಯೇ ಬಂತು. ತಾರವ್ವನಿಗೆ ಕೆಮ್ಮು ಹತ್ತಿತು. ಸೊಲ್ಲು ಎತ್ತಿಕೊಳ್ಳಬೇಕಾದ ಜಾಗದಲ್ಲಿ ಅವಳ ಬಾಯಿಂದ ದನಿಯೇ ಹೊರಡಲಿಲ್ಲ. ಮುರಗೆಪ್ಪ ಅಷ್ಟಕ್ಕೇ ಕಾದಿದ್ದವನ ಹಾಗೆ ತಮಟೆಯಂಥ ತನ್ನ ದಪ್ಪು ಬಡಿದು ಮುಂದೆ ಬಂದ.

“ಭೂಮಿ ನಮ್ಮ ತಾಯಿ ಅಂದಿ, ತಾಯಿ ದೊಡ್ಡಾಕಿ ಅಂದಿ,
ತಾಯಿ ಮಾರಿಗೆ ಹೊಗಿ ಉಗಳಕೋತ ಯಾವ ಮಾರಿ ಹೊತ್ತ ಬಂದಿ?”

ಜನ ಬಿದ್ದು ಬಿದ್ದು ನಕ್ಕರು. ದಪ್ಪು ಮೂರು ಸುತ್ತು ನುಡಿಯುವುದರೊಳಗೆ ಜವಾಬು ಬರಬೇಕು. ನನಗೆ ಬರಲಿಲ್ಲ. ನಿನ್ನ ಜನರೇಟರೂ ಉರಿಯುತ್ತಿದೆಯಲ್ಲ ಎಂದು ಹಾಡಬಹುದಿತ್ತು, ಆದರೆ ಅದು ಜವಾಬಲ್ಲ. ಅವನು ಭೂಮಿಯನ್ನು ತಾಯಿ ಎಂದು ಎಲ್ಲೂ ಹಾಡಿರಲಿಲ್ಲ, ಹಾಡಿದವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಊರೆದುರು ತೋರಿಸಿಕೊಟ್ಟ ಹಾಗಾಯಿತು.

ಮರುದಿನ ತಾರವ್ವನನ್ನು ಚಿಕ್ಕೋಡಿಯಲ್ಲಿ ಡಾಕ್ಟರರಿಗೆ ತೋರಿಸಿದೆ. ಎಷ್ಟು ವರ್ಷದಿಂದ ಬೀಡಿ ಸೇದುತ್ತೀರಿ ಎಂದು ಅವರು ಕೇಳಿದರು. ತಾರವ್ವ ಹರೆಯದಲ್ಲಿ ನಿಪ್ಪಾಣಿಯಲ್ಲಿ ಬೀಡಿ ಕಟ್ಟಿದವಳು, ಒಂದು ದಿನವೂ ಸೇದಿದವಳಲ್ಲ. ಅವಳು ಮಾಡಿದ ತಪ್ಪೆಂದರೆ ಹದಿನೈದು ವರ್ಷ ನನ್ನ ಹಿಂದೆ, ಜನರೇಟರಿಗೆ ಹತ್ತಿರ ನಿಂತದ್ದು. ಹೊಗೆ ತಪ್ಪಿದರೆ ಇನ್ನೂ ಕೆಲವು ವರ್ಷ ಹಾಡಬಹುದು, ಇಲ್ಲವಾದರೆ ಉಸಿರಾಡುವುದೇ ಕಷ್ಟವಾಗುತ್ತದೆ ಎಂದರು. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ. ಅವಳನ್ನು ಬಸ್ಸಿಗೆ ಹತ್ತಿಸಿ ನೇರ ಮುರಗೆಪ್ಪನ ಮನೆಗೆ ಹೋದೆ.

ಎದುರು ಮೇಳದವಳು ಆ ಮನೆಯ ಅಂಗಳ ತುಳಿದದ್ದು ಅದೇ ಮೊದಲು. ಅವನು ಕಟ್ಟೆಯ ಮೇಲೆ ಕೂತು, ತೊಗಲು ಬಿಗಿಯಲೆಂದು ದಪ್ಪಿಗೆ ಬಿಸಿಲು ಕಾಯಿಸುತ್ತಿದ್ದ.

“ಅಣ್ಣಾರ, ನಿನ್ನಿನ ಸವಾಲಿಗೆ ಜವಾಬ ತಂದೀನಿ,” ಎಂದೆ.

“ಹಾಡ, ಕೇಳೂಣು.”

“ಹಾಡೂ ಜವಾಬ ಅಲ್ರಿ ಅದು, ಮಾಡೂ ಜವಾಬ. ಇನ್ನ ಮ್ಯಾಲ ನಮಗಿಬ್ಬರಿಗೂ ಒಂದ ಗಾಡಿ. ಒಂದ ಮೈಕ್, ಅದೂ ಕರದ ಊರಿನವರದ್ದ. ಜನರೇಟರ್ ನಿಮ್ಮದೂ ಬ್ಯಾಡ, ನಮ್ಮದೂ ಬ್ಯಾಡ. ಹಾಡಿಕಿ ಹಗಲ ಹೊತ್ತಿನ್ಯಾಗ ಇಟಗೊಳ್ಳೂಣು.”

ಅವನು ದಪ್ಪನ್ನು ಮಗುಚಿ ಹಾಕಿದ. “ಮಂದಿ ಉಗಳ್ತಾರ.”

“ಉಗಳ್ಲಿ, ಒರಸ್ಕೊಳ್ಳೂಣು. ನಿನ್ನಿ ನೀವು ಸವಾಲ ಹಾಕಿದ್ದು ಖರೇ ಅಂತ ತಿಳದೋ, ಬರೇ ಮಂದಿ ನಗಸಾಕೋ? ಅದಷ್ಟ ಹೇಳ್ರಿ.”

ಆ ಮಾತು ತಾಗಬೇಕಾದಲ್ಲಿ ತಾಗಿತು. ಮುರಗೆಪ್ಪ ಏನೇ ಇರಲಿ, ಸುಳ್ಳು ಪದ ಹಾಡುವವನಲ್ಲ. ಆಮೇಲೆ ಒಳಗಿನಿಂದ ಒಂದು ಲೋಟ ನೀರು ತರಿಸಿ ನನ್ನ ಮುಂದಿಟ್ಟ. ನಾನು ಕುಡಿದೆ. ಪದ್ಧತಿ ಅಲ್ಲಿಯೇ ಮುರಿಯಿತು.

“ಒಂದ ಕರಾರ ಐತಿ,” ಎಂದ. “ಗಾಡ್ಯಾಗ ಪದದ ಮಾತ ಇಲ್ಲ. ಒಂದ ಸೊಲ್ಲೂ ಇಲ್ಲ, ಗುಣುಗುಣು ಅನ್ನೂದೂ ಇಲ್ಲ. ಯಾರ ಬಾಯಾಗರೆ ಪದ ಬಂತಂದ್ರ, ಅಂವಾ ಇರ್ಲಿ ಆಕಿ ಇರ್ಲಿ, ಅಲ್ಲೇ ಇಳದ ನಡಕೋತ ಹೋಗೂದು.”

“ಕಬೂಲ,” ಎಂದೆ.

ಶಿರಗುಪ್ಪಿಯ ಹೊಲಗಳ ನಡುವಿನ ಒಂದು ವಸ್ತಿಯಲ್ಲಿ, ಮಾರ್ಚ್ ತಿಂಗಳ ಒಂದು ರವಿವಾರ, ಒಂದೇ ಗಾಡಿಯ ನಮ್ಮ ಮೊದಲ ಹಾಡಿಕೆ ಗೊತ್ತಾಯಿತು. ಕಬ್ಬಿನ ಕಟಾವು ಮುಗಿದ ಮೇಲೆ ಅಲ್ಲಿಯವರು ವರ್ಷಕ್ಕೊಮ್ಮೆ ಸೇರಿ ಹಾಡಿಸುತ್ತಾರೆ. ಅಲ್ಲಿಯ ಹಿರಿಯರು ರಾವಸಾಹೇಬರು, ಜೈನ ರೈತರು, ಮಾತು ಬೆಣ್ಣೆ, ಹಟ ಕಗ್ಗಲ್ಲು. ಎರಡು ದಿನ ಮೊದಲು ಫೋನ್ ಮಾಡಿದರು.

“ಬಾಯಾರ, ಒಂದ ಗಾಡ್ಯಾಗ ಬರ್ತೀರಂತ ಸುದ್ದಿ ಐತಿ.”

“ಖರೇ ಸುದ್ದಿರಿ.”

“ನಮ್ಮ ಮಂದಿ ಒಪ್ಪಂಗಿಲ್ರಿ. ಬ್ಯಾರೆ ಗಾಡಿ ಬಾಡಿಗಿ ನಾವ ಕೊಡ್ತೀವಿ, ಎರಡ ಗಾಡಿ ತರ್ರಿ.”

“ಬಾಡಿಗಿ ಮಾತಲ್ರಿ ಅದು, ಹೊಗಿ ಮಾತು.”

“ಹೊಗಿ ಏನ್ರಿ ಬಾಯಾರ, ನಮ್ಮ ಸುತ್ತ ಸಕ್ಕರಿ ಫ್ಯಾಕ್ಟರಿ ಅದಾವ, ಟ್ರ್ಯಾಕ್ಟರ್ ಅದಾವ. ನಿಮ್ಮದೊಂದ ಗಾಡಿ ನಿಂತರ ಆಕಾಶ ತೊಳದಂಗ ಆಕ್ಕೈತೇನು?”

“ಆಕಾಶದ್ದು ಗೊತ್ತಿಲ್ರಿ. ನಮ್ಮ ತಾರವ್ವನ ಗಂಟಲಾ ಒಂದ ಗೊತ್ತೈತಿ ನನಗ.”

“ಒಂದ ಗಾಡ್ಯಾಗ ಬಂದ್ರ ಹಾಡಿಕಿ ಇಲ್ಲ ಅನ್ನಾಕತ್ತಾರ್ರಿ.”

“ಬಂದ ಮ್ಯಾಲ ಅನ್ನಾಕ ಹೇಳ್ರಿ,” ಎಂದು ಫೋನ್ ಇಟ್ಟೆ.

ಇಟ್ಟ ಮೇಲೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಶಿರಗುಪ್ಪಿಯವರು ನಮ್ಮನ್ನು ಹಿಂದಕ್ಕೆ ಕಳಿಸಿದರೆ ಅದೇ ದಿನ ಸುದ್ದಿ ಕುಡಚಿ, ರಾಯಬಾಗ, ಅಥಣಿ ಎಲ್ಲ ಮುಟ್ಟುತ್ತಿತ್ತು. ಪದ ಮಾರಿಕೊಂಡವರು ಎಂಬ ಹೆಸರು ಒಮ್ಮೆ ಬಂದರೆ ಹೋಗುವುದಿಲ್ಲ. ಮುಂದೆ ಯಾವ ಊರೂ ಕರೆಯುವುದಿಲ್ಲ, ಯಾವ ಮೇಳವೂ ಇಂಥ ಸಾಹಸಕ್ಕೆ ಕೈಹಾಕುವುದಿಲ್ಲ, ತಾರವ್ವ ಮತ್ತೆ ಜನರೇಟರಿನ ಮುಂದೆ ನಿಲ್ಲಬೇಕು ಅಥವಾ ಹಾಡು ಬಿಡಬೇಕು.

ರವಿವಾರ ಬೆಳಿಗ್ಗೆ ನಿಪ್ಪಾಣಿಯ ಡ್ರೈವರ್ ಅಮೋಲ ಕ್ರೂಸರ್ ತಂದ. ಚಿಕ್ಕೋಡಿಯಲ್ಲಿ ಮುರಗೆಪ್ಪನ ನಾಲ್ಕು ಮಂದಿ ಹತ್ತುವಾಗ ಯಾರು ಎಲ್ಲಿ ಕೂರಬೇಕೆಂಬ ಪ್ರಶ್ನೆ ಬಂತು. “ಹರದೇಶಿ ಪುಢ, ನಾಗೇಶಿ ಮಾಗ,” ಎಂದ ಅಮೋಲ ಮರಾಠಿಯಲ್ಲಿ. ನಾವೇಕೆ ಹಿಂದೆ ಎಂದು ನಾನು ಬಾಗಿಲು ಹಿಡಿದು ನಿಂತೆ. ಹಾಗಾದರೆ ನೀವು ಮುಂದೆ ಎಂದ. ನಾವೇಕೆ ಹಿಂದೆ ಎಂದು ಮುರಗೆಪ್ಪ ನಿಂತ. ಕೊನೆಗೆ ಹಿಂಭಾಗದ ಎರಡು ಉದ್ದ ಸೀಟುಗಳಲ್ಲಿ ಎರಡೂ ಮೇಳ ಎದುರುಬದುರು ಕೂತೆವು, ಮಂಡಿಗೆ ಮಂಡಿ ತಾಗುವಂತೆ. ಮುಂದಿನ ಸೀಟು ಖಾಲಿ ಉಳಿಯಿತು. ಅಮೋಲನಿಗೆ ನಗು ತಡೆಯಲಾಗಲಿಲ್ಲ.

ಕರಾರಿನ ಪ್ರಕಾರ ಪದದ ಮಾತಿಲ್ಲ. ಪದ ಬಿಟ್ಟರೆ ನಮಗಿಬ್ಬರಿಗೆ ಮಾತೇ ಗೊತ್ತಿರಲಿಲ್ಲ. ಅಂಕಲಿ ಬರುವವರೆಗೆ ಮುರಗೆಪ್ಪ ತನ್ನ ಮಂಡಿನೋವಿನ ಬಗ್ಗೆ ಹೇಳಿದ, ತಾರವ್ವ ತನ್ನ ಸೊಸೆಯ ಬಗ್ಗೆ. ಹೊಳೆ ದಾಟಿದ ಮೇಲೆ ರಸ್ತೆಯ ಬದಿಯ ಹೊಲಗಳಲ್ಲಿ ಉಪ್ಪು ಬಿಳಿಯಾಗಿ ಮೇಲೆದ್ದಿತ್ತು. ನೀರು ಹೆಚ್ಚಾಗಿ ಸವುಳಾದ ಭೂಮಿ. ಅದನ್ನು ಎಂಟೂ ಮಂದಿ ನೋಡಿದೆವು, ಭೂಮಿಯ ಮಾತೆತ್ತಿದರೆ ಬಾಯಿಗೆ ಪದವೇ ಬಂದುಬಿಡುತ್ತಿತ್ತು.

ಶಿರಗುಪ್ಪಿ ಹತ್ತಿರವಾದಾಗ ಮುರಗೆಪ್ಪನ ಧೈರ್ಯ ಜಾರಿತು.

“ಅನಸೂಯಾಬಾಯಿ, ಒಂದ ಮಾತ. ಇಲ್ಲೇ ನಾವ ನಾಕ ಮಂದಿ ಇಳೀತೀವಿ. ಹೊಲದ ಬದುವಿನ ಮ್ಯಾಲ ಹಾಯ್ದ ಆ ಕಡಿಂದ ಬರ್ತೀವಿ. ಗಾಡಿ ಒಂದ ಆತು, ಪದ್ಧತೀನೂ ಉಳೀತು.”

ಜಾಣ ಮಾತು. ಅಮೋಲ ಗಾಡಿ ನಿಧಾನ ಮಾಡಿದ. ತಾರವ್ವ ನನ್ನ ಸೆರಗು ಜಗ್ಗಿ, “ಹೂಂ ಅನ್ನ, ಅನಸೂ,” ಎಂದಳು. ನನಗೂ ಒಂದು ಗಳಿಗೆ ಹೂಂ ಎನ್ನಬೇಕೆನಿಸಿತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಆಗುತ್ತಿತ್ತು ನಮ್ಮದು.

“ಕಳವ ಮಾಡೀವೇನ್ರಿ ಅಣ್ಣಾರ?” ಎಂದೆ. “ಒಂದ ಗಾಡಿ ಡೀಸೆಲ್ ಉಳಿಸೀವಿ, ಅಷ್ಟ. ನಾವ ಕದ್ದ ಮಾಡಿದ್ರ ಉಳದ ಮ್ಯಾಳದವರು ಏನ ನೋಡಿ ಕಲೀಬೇಕು? ಅಮೋಲ, ನಿಲ್ಲಸಬ್ಯಾಡ. ಹಾರ್ನ್ ಹೊಡಕೋತ ನಡಿ.”

ಅಮೋಲ ಅದಕ್ಕೇ ಕಾದಿದ್ದ. ವಸ್ತಿಯ ನಡುವಿನ ಬೇವಿನ ಮರದವರೆಗೆ ಹಾರ್ನ್ ಒತ್ತುತ್ತಲೇ ಹೋದ.

ಹೊತ್ತು ಹನ್ನೊಂದರ ಸುಮಾರು. ಮರದ ಕೆಳಗೆ ತಾಡಪತ್ರಿ ಹಾಸಿ ನಾನೂರು ಮಂದಿ ಕೂತಿದ್ದರು. ನಾವು ಎಂಟು ಮಂದಿ ಒಂದೇ ಬಾಗಿಲಿಂದ ಇಳಿಯುವಾಗ ಹಿಂದಿನಿಂದ ಒಬ್ಬ, “ಮದುವಿ ನಿಬ್ಬಣ ಬಂತ್ರಲೇ, ಅಕ್ಕಿಕಾಳ ತರ್ರಿ,” ಎಂದ. ನಗು ಎದ್ದಿತು, ಅದರಲ್ಲಿ ಪ್ರೀತಿಯಿರಲಿಲ್ಲ. ರಾವಸಾಹೇಬರು ಕೈಮುಗಿದು ಎದುರಿಗೆ ಬಂದರು.

“ಬಾಯಾರ, ಹೇಳಿದ್ದೆ. ಇದು ಹಾಡಿಕಿ ಅಲ್ಲ, ನಾಟಕ ಅಂತಾರ ಮಂದಿ. ನೀವ ಸೋತರೂ ನಿಮಗೇನ ಲುಕ್ಸಾನ? ಗೆದ್ದಾಂವನ ಬಾಜೂಕ ಆರಾಮ ಕುಂತ ಮನಿಗೆ ಹೊಕ್ಕೀರಿ.”

ಈ ಮಾತಿಗೆ ನನ್ನ ತಲೆ ಕೆಟ್ಟಿತು. ನನ್ನ ಕೈಯಲ್ಲಿದ್ದ ದಪ್ಪು ಅವ್ವನದು. ಅಕ್ಕುತಾಯಿ ಅದನ್ನು ಮೂವತ್ತು ವರ್ಷ ಬಡಿದಿದ್ದಳು. ಅವಳ ಹೆಬ್ಬೆರಳು ಊರಿದ ಕಡೆ ಕಟ್ಟಿಗೆ ಸವೆದು ತಗ್ಗಾಗಿದೆ, ಈಗ ನನ್ನ ಹೆಬ್ಬೆರಳು ಅಲ್ಲಿ ಕೂರುತ್ತದೆ. ಹಿಂದಿನ ಕಾಲದಲ್ಲಿ ದಪ್ಪು ಪಣಕ್ಕಿಟ್ಟು ಹಾಡುವ ವಾಡಿಕೆಯಿತ್ತು. ಸೋತವರು ದಪ್ಪು ಕೊಟ್ಟು ಹೋಗಬೇಕು. ಮುಂದಿನ ಹಾಡಿಕೆಯಲ್ಲಿ, ಜನರ ಎದುರು, ಅದೇ ಸವಾಲಿಗೆ ಜವಾಬು ಕೊಟ್ಟರೆ ಮಾತ್ರ ಬಿಡಿಸಿಕೊಳ್ಳಬಹುದು. ನನ್ನ ಕಾಲದಲ್ಲಿ ಯಾರೂ ಅಷ್ಟಕ್ಕೆ ಹೋಗಿರಲಿಲ್ಲ. ನಾನು ಅವ್ವನ ದಪ್ಪನ್ನು ಮರದ ಕೆಳಗಿದ್ದ ರಾವಸಾಹೇಬರ ಮಂಚದ ಮೇಲೆ ಇಟ್ಟೆ.

“ಇದು ಲುಕ್ಸಾನ,” ಎಂದೆ. “ಇದರಕಿಂತ ದೊಡ್ಡದು ನನ್ನ ಮನ್ಯಾಗ ಏನೂ ಇಲ್ರಿ.”

ತಾರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮುರಗೆಪ್ಪ ನನ್ನ ಮುಖ ನೋಡಿದ, ದಪ್ಪು ನೋಡಿದ. ಆಮೇಲೆ ತನ್ನ ದಪ್ಪನ್ನೂ, ತನ್ನ ಗುರುಗಳು ಅದಕ್ಕೆ ಕಟ್ಟಿದ ಕೆಂಪು ತುರಾಯಿ ಸಮೇತ, ಅದರ ಪಕ್ಕದಲ್ಲಿಟ್ಟ. ನಗು ನಿಂತಿತು.

ಆಗ ಮರದ ಪಕ್ಕದ ತಮ್ಮ ಮನೆಯ ಬಾಗಿಲಲ್ಲಿ ಕೂತಿದ್ದ ಲಕ್ಷ್ಮಿಬಾಯಿ, ರಾವಸಾಹೇಬರ ತಾಯಿ, ಎಂಬತ್ತು ದಾಟಿದವರು, ಕೋಲು ನೆಲಕ್ಕೆ ಬಡಿದರು. “ಮಾತಾಡಕೊಂಡ ಬಂದಾರ ಅಂತ ಸಂಶೇ ಇದ್ರ ವಿಷಯಾ ನಾ ಕೊಡ್ತೀನಿ. ಇದನ್ನ ಯಾರೂ ಮಾತಾಡಕೊಂಡ ಬರಾಕ ಸಾಧ್ಯ ಇಲ್ಲ. ಬೀಸೂಕಲ್ಲಿನ್ಯಾಗ ಮ್ಯಾಲಿನ ಕಲ್ಲ ಹೆಚ್ಚೋ, ಕೆಳಗಿನ ಕಲ್ಲ ಹೆಚ್ಚೋ? ಹಾಡ್ರಿ.”

ಮೇಲಿನ ಕಲ್ಲು ಹರದೇಶಿಗೆ ಹೋಯಿತು, ಕೆಳಗಿನದು ನನಗೆ ಬಂತು. ಪಣದ ದಪ್ಪುಗಳನ್ನೇ ಎತ್ತಿಕೊಂಡು ಶುರು ಮಾಡಿದೆವು. ಮುರಗೆಪ್ಪ ಮೊದಲು ಎತ್ತಿದ.

“ಕೆಳಗಿನ ಕಲ್ಲ ಕುಂತಲ್ಲೆ ಕುಂತೈತಿ, ಕೆಲಸ ಏನ ಮಾಡತೈತಿ?
ಮ್ಯಾಲಿನ ಕಲ್ಲ ತಿರಗಿದರ ಊರಿಗೆ ರೊಟ್ಟಿ ಸಿಗತೈತಿ.”

ನಾನು ಬಿಡಲಿಲ್ಲ.

“ಕುಂತಾಕಿ ಗಟ್ಟಿ ಕುಂತಿದ್ದಕ್ಕ ತಿರಗಾಂವ ತಿರಗತಾನ,
ಕೆಳಗಿನಾಕಿ ಎದ್ದ ಹ್ವಾದರ ಯಾರ ಮ್ಯಾಲ ಉರಳತಾನ?”

ಹೆಂಗಸರ ಕಡೆಯಿಂದ ಸಿಳ್ಳೆ ಬಂತು. ಅರ್ಧ ಗಂಟೆ ಹೀಗೆ ನಡೆಯಿತು, ಮೇಲೆ ಕೆಳಗೆ, ಸೇರಿಗೆ ಸವ್ವಾಸೇರು. ಅಷ್ಟರಲ್ಲಿ ಕರೆಂಟು ಹೋಯಿತು. ಮೈಕ್ ಸತ್ತಿತು. ಹಿಂದೆ ಕೂತವರು ಕೂಗತೊಡಗಿದರು. ಪಕ್ಕದ ತೋಟದಲ್ಲಿ ಜನರೇಟರ್ ಇದೆ, ಹತ್ತು ನಿಮಿಷದಲ್ಲಿ ತರುತ್ತೇನೆ ಎಂದು ಒಬ್ಬರು ಎದ್ದರು.

“ಬ್ಯಾಡ,” ಎಂದೆವು ನಾನೂ ಮುರಗೆಪ್ಪನೂ ಒಟ್ಟಿಗೆ.

ಇಪ್ಪತ್ತೆರಡು ವರ್ಷಗಳಲ್ಲಿ ನಾವಿಬ್ಬರೂ ಊರೆದುರು ಒಂದೇ ಮಾತು ಆಡಿದ್ದು ಅದೊಂದು ಸಲ. “ನೋಡ್ರಿ, ಕೂಡ್ಯಾರ,” ಎಂದ ಆ ನಿಬ್ಬಣದವನು. ಮುರಗೆಪ್ಪ ಅವನ ಕಡೆ ದಪ್ಪು ತೋರಿಸಿ, “ಕಿವಿ ಕೇಳಸವಲ್ದಂದ್ರ ಮುಂದ ಬಂದ ಕುಂಡ್ರ, ತಮ್ಮಾ. ನಮ್ಮ ಹಿರ್ಯಾರ ಇಷ್ಟ ಗಂಟಲದಾಗ ಹಾಡ್ಯಾರ,” ಎಂದ. ಜನ ತಾಡಪತ್ರಿ ಬಿಟ್ಟು ಎದ್ದು ನಮ್ಮ ಕಾಲ ಹತ್ತಿರದವರೆಗೆ ಬಂದು ಕೂತರು. ತಾರವ್ವ ಎರಡು ಸಲ ಉಸಿರು ಎಳೆದುಕೊಂಡು ಸೊಲ್ಲು ಎತ್ತಿದಳು. ಹೊಗೆಯಿಲ್ಲ, ಗುರ್ರ್ ಎನ್ನುವ ಸದ್ದಿಲ್ಲ. ಅವಳ ದನಿ ಬೇವಿನ ಮರದಾಚೆ ಹೊಲಗಳವರೆಗೆ ಹೋಯಿತು. ಎಷ್ಟು ವರ್ಷಗಳಾಗಿದ್ದವೋ ನಾನು ಆ ದನಿಯನ್ನು ಪೂರ್ತಿ ಕೇಳಿ. ಕಣ್ಣು ತುಂಬಿ ಬಂತು.

ಆ ಸಂತೋಷದಲ್ಲಿ ನಾನು ಮೈಮರೆತೆ ಎಂದೇ ಕಾಣುತ್ತದೆ. ಮುರಗೆಪ್ಪ ಮೈಮರೆಯಲಿಲ್ಲ. ಲಕ್ಷ್ಮಿಬಾಯಿಯವರ ಕಡೆ ತಿರುಗಿ, ಅವರನ್ನೇ ಸಾಕ್ಷಿ ಕರೆದು ಹಾಡಿದ.

“ಹೆಣ್ಣ ಹೆಚ್ಚ ಅಂತ ಹಾಡಾಕಿ, ಹೆಣ್ಣ ಬೀಸೂದ ನೋಡೀಯೇನ?
ಮ್ಯಾಲಿನ ಕಲ್ಲಿಗೆ ಕೈಯ ಕೊಟ್ಟಾಳ, ಕೆಳಗಿನ ಕಲ್ಲಿಗೆ ಕಾಲೇನ?”

ಲಕ್ಷ್ಮಿಬಾಯಿ ಹೌದೆಂದು ತಲೆಯಾಡಿಸಿದರು. ನನ್ನ ಕಣ್ಣಿಗೆ ನಮ್ಮವ್ವ ಕಂಡಳು. ಬೆಳಗಿನ ಜಾವ ಗೋಡೆಗೆ ಒರಗಿ, ಬಲಗೈ ಮೇಲಿನ ಕಲ್ಲಿನ ಗೂಟದ ಮೇಲೆ, ಒಂದು ಕಾಲು ಕೆಳಗಿನ ಕಲ್ಲಿನ ಪಕ್ಕಕ್ಕೆ ನೀಳವಾಗಿ ಚಾಚಿ, ಬೀಸುತ್ತಿದ್ದಳು. ಖರೆ ಮಾತು. ಹೆಣ್ಣೇ ಹೆಚ್ಚೆಂದರೆ, ಆ ಹೆಣ್ಣು ಕೈ ಕೊಟ್ಟದ್ದು ಅವನ ಕಲ್ಲಿಗೆ, ಕಾಲು ತೋರಿಸಿದ್ದು ನನ್ನ ಕಲ್ಲಿಗೆ. ನನ್ನ ವಾದದ ಹಗ್ಗದಿಂದಲೇ ನನ್ನನ್ನು ಕಟ್ಟಿಹಾಕಿದ್ದ.

ದಪ್ಪು ಒಂದು ಸುತ್ತು ನುಡಿಯಿತು. ಎರಡು. ಮುರಗೆಪ್ಪ ನನ್ನ ಕಣ್ಣಲ್ಲಿ ಕಣ್ಣಿಟ್ಟು ಬಾರಿಸುತ್ತಿದ್ದ. ಬೇಕಿದ್ದರೆ ಅವನು ನಿಧಾನ ಮಾಡಬಹುದಿತ್ತು, ಒಂದು ಪೆಟ್ಟು ತಪ್ಪಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಮಾಡಲಿಲ್ಲ. ಮೂರನೆಯ ಸುತ್ತನ್ನು ಎಂದಿಗಿಂತ ಚುರುಕಾಗಿ ಬಾರಿಸಿ ಕೈ ಎತ್ತಿದ.

ನಾನು ಸೋತೆ.

ನಾನೂರು ಮಂದಿಯಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಾನು ಅವ್ವನ ದಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದೆ. ಇರಲಿ ಬಿಡು ತಂಗಿ ಎಂದು ಅವನು ಹಿಂದಕ್ಕೆ ಕೊಟ್ಟಿದ್ದರೆ ಈ ಜನ್ಮದಲ್ಲಿ ಅವನನ್ನು ಕ್ಷಮಿಸುತ್ತಿರಲಿಲ್ಲ. ಅವನು ತೆಗೆದುಕೊಂಡ. ತೆಗೆದುಕೊಂಡು, ತನ್ನ ದಪ್ಪಿನ ಮೇಲೆ ಇಟ್ಟುಕೊಂಡ. ನಿಬ್ಬಣ ಎಂದು ಕೂಗಿದವನು ತಲೆ ಕೆಳಗೆ ಹಾಕಿದ್ದ. ನನಗೆ ಅಳು ಬಂತು, ಅತ್ತೆ. ಸೋತದ್ದಕ್ಕೆ ಅಳುವುದರಲ್ಲಿ ನಾಚಿಕೆಯೇನಿದೆ?

ರಾವಸಾಹೇಬರು ಎದ್ದು ಮನೆಯ ಬಾಗಿಲಿಗೆ ಹೋದರು. ಆಮೇಲೆ ಒಳಗೆ ನೋಡಿ, “ಎಲಿ ಹಾಕ್ರಿ,” ಎಂದರು. “ಎರಡೂ ಮ್ಯಾಳಕ್ಕ ಒಂದ ಪಂಕ್ತ್ಯಾಗ ಹಾಕ್ರಿ.”

ಹೊತ್ತು ಇಳಿಯುವಾಗ ಹೊರಟೆವು. ಅದೇ ಗಾಡಿ, ಅದೇ ಸೀಟು, ಎದುರುಬದುರು. ಎರಡು ದಪ್ಪುಗಳು ಮುರಗೆಪ್ಪನ ತೊಡೆಯ ಮೇಲಿದ್ದವು. ನನ್ನ ತೊಡೆ ಖಾಲಿಯಿತ್ತು, ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ತಾರವ್ವ ತನ್ನ ತುಂತುಣಿಯನ್ನು ನನ್ನ ಕೈಗೆ ಕೊಟ್ಟಳು.

ಕಾಗವಾಡ ರಸ್ತೆ ಸೇರುವಾಗ ಫೋನ್ ಬಂತು. ರಾಯಬಾಗದ ನಾಗೇಶಿ ಮೇಳದ ರಾಜೇಶ್ವರಿ. ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು.

“ಅಕ್ಕಾ, ದಪ್ಪ ಕೊಟ್ಟ ಬಂದೆಂತಲ್ಲ. ನಮಗೂ ನಮ್ಮ ಎದುರಿನವರಿಗೂ ಒಂದ ಗಾಡಿ ಮಾಡೂ ವಿಚಾರ ನಡದೈತಿ. ದಾರ್ಯಾಗ ಜಗಳಾ ಆಗಂಗಿಲ್ಲೇನು?”

“ಆಕ್ಕೈತಿ,” ಎಂದೆ. “ಜಗಳಾ ಮಾಡ್ಕೋತ ಬರ್ರಿ. ಗಾಡಿ ಒಂದ ಇರ್ಲಿ.”

ಎದುರಿಗೆ ಮುರಗೆಪ್ಪ ಕಣ್ಣು ಮುಚ್ಚಿದ್ದ, ಮೀಸೆ ಮಾತ್ರ ಅಲುಗಿತು.

ಗಾಡಿ ಕೃಷ್ಣೆಯ ಸೇತುವೆಗೆ ಬಂತು. ಮಂಡಿನೋವು ಹೆಚ್ಚಾಯಿತೆಂದು ಕಾಣುತ್ತದೆ, ಮುರಗೆಪ್ಪ ಕಾಲು ಚಾಚಲು ಹೋಗಿ, ಎದುರಿಗೆ ಹೆಂಗಸರು ಕೂತಿರುವುದು ನೆನಪಾಗಿ, ತಟ್ಟನೆ ಹಿಂದಕ್ಕೆ ಎಳೆದುಕೊಂಡ.

ನನಗೆ ಆಗ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ. ಹೆಣ್ಣುಮಗಳು ಕಾಲು ಚಾಚಿ ಕೂರುವುದು ಯಾರ ಮುಂದೆ? ಅತ್ತೆಯ ಮುಂದೆ ಚಾಚುವುದಿಲ್ಲ. ಮಾವನ ಮುಂದೆ ಚಾಚುವುದಿಲ್ಲ. ಬಂದವರು ಹೋದವರ ಮುಂದೆ ಚಾಚುವುದಿಲ್ಲ. ತವರಿಗೆ ಬಂದು, ಹಡೆದ ತಾಯಿಯ ಮುಂದೆ ಮಾತ್ರ ಚಾಚುತ್ತಾಳೆ. ನಮ್ಮವ್ವ ಕೆಳಗಿನ ಕಲ್ಲಿಗೆ ಕಾಲು ತೋರಿಸಿರಲಿಲ್ಲ, ತಾಯಿಯ ಹತ್ತಿರ ಕೂತ ಹಾಗೆ ಕೂತಿದ್ದಳು. ಸೊಲ್ಲು ಸೊಲ್ಲಾಗಿ, ಪ್ರಾಸ ಸಮೇತ, ಪದ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಬಾಯಿ ತೆರೆದೇಬಿಟ್ಟೆ.

ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಮೈಯೆಲ್ಲ ಉರಿಯುತ್ತಿತ್ತು.

ಮುರಗೆಪ್ಪ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ನನ್ನ ಎದುರಿಗೆ ನಿಂತವನು, ನನ್ನ ಮುಖ ಓದಲು ಬರುವುದಿಲ್ಲವೆ?

“ಸಿಕ್ಕತೇನ?” ಎಂದ.

“ಗಾಡ್ಯಾಗ ಪದದ ಮಾತ ಇಲ್ರಿ, ಅಣ್ಣಾರ,” ಎಂದೆ. “ಮುಂದಿನ ತಿಂಗಳ ಅಥಣ್ಯಾಗ ಹಾಡಿಕಿ ಐತಿ. ಅಲ್ಲೀತನಕ ನಮ್ಮವ್ವನ ದಪ್ಪಿಗೆ ದಿನಾ ಬಿಸಲ ಕಾಸ್ರಿ. ತೊಗಲ ಸಡಲ ಬಿಟ್ಟರ ಸುಮ್ಮನಿರಾಕಿ ಅಲ್ಲ ನಾ.”

ಅವನು ಎರಡೂ ದಪ್ಪುಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು ಮುಂದೆ ಬಾಗಿದ.

“ಅಮೋಲ, ಬರೂ ತಿಂಗಳ ಅಥಣಿಗೂ ಇದ ಗಾಡಿ ತಾರಪಾ,” ಎಂದ.